ಪೈಪಮ್ಮನ ಮೂರನೇ ಅಧ್ಯಾಯ

ಲ್ಯಾಬಿನ ಯಜಮಾನರಿಗೆ ಪೈಪು ಕಂಡರೆ ಆಗುತ್ತಿರಲಿಲ್ಲ. ಗೋಡೆಯೊಳಗಿನ ಪೈಪಲ್ಲ, ಮನುಷ್ಯರ ಮೈಯೊಳಗಿನದು. ರಕ್ತನಾಳ ಅನ್ನುವ ಗೌರವದ ಹೆಸರನ್ನೂ ಅವರು ಅದಕ್ಕೆ ಕೊಡುತ್ತಿರಲಿಲ್ಲ. "ನಲ್ಲಿ ನೀರು ತರುತ್ತೆ. ಅಷ್ಟಕ್ಕೇ ಅಡುಗೆ ಮಾಡಿದ್ದು ನಲ್ಲಿ ಅಂತೀರೇನ್ರೀ?" ಎಂದು ಕೇಳಿ, ತಾವೇ ಮೊದಲು ನಗುತ್ತಿದ್ದರು. ಅವರು ನಕ್ಕ ಮೇಲೆ ಲ್ಯಾಬಿನವರೂ ನಗಬೇಕು. ನಗದಿದ್ದವರಿಗೆ ಮುಂದಿನ ವಾರ ಫ್ರಿಜ್ಜು ಒರೆಸುವ ಸರದಿ ತಪ್ಪದೆ ಬರುತ್ತಿತ್ತು.

ಅಡುಗೆ ಅಂದರೆ ಇಲ್ಲಿ ಥೈಮಸ್ ಗ್ರಂಥಿಯ ಕೆಲಸ. ಎದೆಮೂಳೆಯ ಹಿಂದೆ, ಹೃದಯಕ್ಕೆ ಅಂಟಿಕೊಂಡು ಕೂತಿರುವ ಮೆತ್ತನೆಯ ಗ್ರಂಥಿ ಅದು. ಮಕ್ಕಳಲ್ಲಿ ದಷ್ಟಪುಷ್ಟವಾಗಿರುತ್ತದೆ, ವಯಸ್ಸಾದಂತೆ ಕರಗಿ ಕೊಬ್ಬಾಗುತ್ತದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆ ಕೋಶಗಳು ರಕ್ತದಲ್ಲಿ ತೇಲಿಕೊಂಡು ಅಲ್ಲಿಗೆ ಬರುತ್ತವೆ. ಯಾರು ನಮ್ಮವರು, ಯಾರು ಹೊರಗಿನವರು, ಯಾರ ಮೇಲೆ ಕೈ ಮಾಡಬಹುದು, ಯಾರ ಮೇಲೆ ಮಾಡಬಾರದು ಅನ್ನುವುದನ್ನು ಕಲಿತು, ಟಿ ಕೋಶಗಳೆಂಬ ಕಾವಲುಗಾರರಾಗಿ ಹೊರಬೀಳುತ್ತವೆ. ಕಲಿಸುವ ಕೋಶಗಳಿಗೆ ಪುಸ್ತಕದಲ್ಲಿ ಉದ್ದದ ಹೆಸರಿದೆ, ಲ್ಯಾಬಿನಲ್ಲಿ 'ಮೇಷ್ಟ್ರು' ಅನ್ನುತ್ತಿದ್ದರು. ಯಜಮಾನರೂ ಮೇಷ್ಟ್ರೇ ಆಗಿದ್ದರಿಂದ ಆ ಕೋಶಗಳ ಮೇಲೆ ಅವರಿಗೆ ಜಾಸ್ತಿ ಅಭಿಮಾನ. ಮೇಷ್ಟ್ರ ಮೇಲೆ ಬರೆದು ಬರೆದೇ ಅವರು ದೊಡ್ಡ ಮನುಷ್ಯರಾಗಿದ್ದರು.

ಈ ಗ್ರಂಥಿಯೇ ಇಲ್ಲದೆ ಹುಟ್ಟುವ ಮಕ್ಕಳೂ ಉಂಟು. ಅಂಥ ಮಗುವನ್ನು ಗಾಜಿನ ಆಚೆ ಮಲಗಿಸಿ ತಾಯಿ ಈಚೆಯಿಂದ ಕೈ ಬೀಸಬೇಕು. ಒಂದು ನೆಗಡಿ ಸಾಕು, ಮಗು ಕೈತಪ್ಪಿ ಹೋಗುತ್ತದೆ. ಆ ಮಕ್ಕಳ ಮೈಗೆ ಸೇರಿಸಲು ಬಟ್ಟಲಿನಲ್ಲಿ ಥೈಮಸ್ ಬೆಳೆಸುವುದೇ ಲ್ಯಾಬಿನ ಕೆಲಸ. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಎರಡು ಮಾತು ಇದ್ದದ್ದು ಯಜಮಾನರ ವಿಷಯದಲ್ಲಿ.

ಪೈಪಮ್ಮ ಅನ್ನುವುದು ಯಜಮಾನರು ತಮ್ಮ ಶಿಷ್ಯೆಗೆ ಇಟ್ಟ ಹೆಸರು. ಅವಳ ಪಿಎಚ್‌ಡಿ ಪ್ರಬಂಧದಲ್ಲಿ ನಾಲ್ಕು ಅಧ್ಯಾಯಗಳಿದ್ದವು. ಮೂರು ಅಧ್ಯಾಯ ಯಜಮಾನರು ಹೇಳಿದ್ದು, ಹೇಳಿದಂತೆ ಮಾಡಿದ್ದು, ಹೇಳಿದಂತೆ ಬರೆದದ್ದು. ಮೂರನೆಯದು ಮಾತ್ರ ಅವಳದೇ. ಥೈಮಸ್ಸಿನ ರಕ್ತನಾಳದ ಕೋಶಗಳು ಬರೀ ದಾರಿಯಲ್ಲ, ಬಾಗಿಲಲ್ಲಿ ನಿಂತು ಎಳೆ ಕೋಶಗಳನ್ನು ಒಳಗೆ ಕರೆಯುತ್ತವೆ, ಗ್ರಂಥಿಗೆ ಪೆಟ್ಟು ಬಿದ್ದು ಮೇಷ್ಟ್ರುಗಳು ಸಾಯತೊಡಗಿದಾಗ ತಾವು ಗಟ್ಟಿಯಾಗಿ ನಿಂತು ಸಂಕೇತ ಕಳಿಸಿ ಉಳಿದ ಮೇಷ್ಟ್ರನ್ನು ಎಬ್ಬಿಸುತ್ತವೆ, ಅವು ಇಲ್ಲದಿದ್ದರೆ ಮೇಷ್ಟ್ರು ತಾನು ಮೇಷ್ಟ್ರು ಅನ್ನುವುದನ್ನೇ ಮರೆಯುತ್ತಾನೆ ಎಂದು ಅವಳು ಬಟ್ಟಲು ಬಟ್ಟಲಾಗಿ ತೋರಿಸಿದ್ದಳು. ಯಜಮಾನರು ಅದನ್ನು ಓದಿರಲಿಲ್ಲ. ತಲೆಬರಹ ನೋಡಿದ್ದರು, ಅಷ್ಟೇ ಸಾಕಾಗಿತ್ತು.

"ಪೈಪಿನ ಅಧ್ಯಾಯ ಕಿತ್ತು ಹಾಕು, ಸಹಿ ಹಾಕ್ತೀನಿ," ಎಂದಿದ್ದರು.

ಆ ಸಹಿಗೆ ಅವಳ ಬದುಕೇ ಜೋತುಬಿದ್ದಿತ್ತು. ದೂರದ ಊರಿನ ಮಕ್ಕಳ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು, ಅದೂ ಮೂರನೇ ಅಧ್ಯಾಯದ ಕೆಲಸವನ್ನು ಮುಂದುವರಿಸಲಿಕ್ಕೇ. ತಿಂಗಳ ಕೊನೆಯೊಳಗೆ ಸಹಿಯಾದ ಪ್ರಬಂಧ ತಂದರೆ ಜಾಗ ಅವಳದು, ಇಲ್ಲದಿದ್ದರೆ ಬೇರೆಯವರದು. ಅಧ್ಯಾಯ ಬಿಟ್ಟರೆ ಸಹಿ ಸಿಗುತ್ತದೆ, ಕೆಲಸ ಹೋಗುತ್ತದೆ. ಅಧ್ಯಾಯ ಇಟ್ಟುಕೊಂಡರೆ ಸಹಿಯೇ ಇಲ್ಲ. ಒಳ್ಳೇ ಫಜೀತಿ!

ಮನೆಯಲ್ಲಿ ಅತ್ತೆ. ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ಜೀವನವಿಡೀ ಊರವರ ಮಾತು ಜೋಡಿಸಿಕೊಟ್ಟು ಸುಮ್ಮನಿದ್ದ ಕಸರನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದರು. ಗಂಡ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು, ಮಾತು ಕಡಿಮೆ. ಅಮ್ಮನ ಪಾಲಿಗೆ ಅವನ ಪಾಲೂ ಸೇರಿಹೋಗಿತ್ತೋ ಏನೋ.

"ಇನ್ನೂ ಅದೇ ಬಟ್ಟಲು ತೊಳೀತಿದೀಯೇನೇ?" ಎಂದು ಬಟಾಣಿ ಸುಲಿಯುತ್ತಾ ಅತ್ತೆ ಕೇಳಿದರು. "ಮದುವೆಯಾಗಿ ಬಂದಾಗಲೂ ತೊಳೀತಿದ್ದೆ."

"ತೊಳೆಯೋದೇ ತಪ್ಪು ಅಂತ ಹೇಳೋಕೆ ಹೊರಟಿದ್ದೀನಿ ಅತ್ತೆ. ಕೇಳೋರಿಲ್ಲ."

"ಕೇಳೋರಿಲ್ಲ ಅಂದ್ರೆ? ಸಹಿ ಹಾಕೋನಿಗೆ ಹೇಳು."

"ಅವರೇ ಕೇಳದೇ ಇರೋರು."

ಅತ್ತೆ ಒಂದು ಹಿಡಿ ಬಟಾಣಿ ಬಾಯಿಗೆ ಹಾಕಿಕೊಂಡು, "ಹಂಗಾದ್ರೆ ಗ್ರಹಚಾರ," ಎಂದು ಮಾತು ಮುಗಿಸಿದರು.

ಲ್ಯಾಬಿನ ತೊಳೆಯುವ ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಥೈಮಸ್ಸು ವೈದ್ಯರ ಕೈಗೆ ಅಡ್ಡ ಬರುತ್ತದೆ. ಅದರ ತುಂಡು ಕತ್ತರಿಸಿ ಪಕ್ಕಕ್ಕೆ ಹಾಕುತ್ತಾರೆ. ಮನೆಯವರ ಒಪ್ಪಿಗೆ ಪಡೆದು ಆ ತುಂಡನ್ನು ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ತರುತ್ತಾರೆ. ಯಜಮಾನರ ಅತಿ ಪ್ರೀತಿಯ ಭಾಷಣ ಇದರ ಮೇಲೆಯೇ ಇತ್ತು. "ಆ ಕಟುಕರು ಚಿನ್ನ ಎತ್ತಿ ಕಸದ ಡಬ್ಬಿಗೆ ಹಾಕ್ತಾರೆ. ಕಸದಲ್ಲಿ ಚಿನ್ನ ಕಾಣೋಕೆ ಕಣ್ಣು ಬೇಕು!" ಕಣ್ಣು ಅಂದಾಗ ತಮ್ಮ ಕಣ್ಣನ್ನೇ ತೋರಿಸುತ್ತಿದ್ದರು. ತುಂಡು ಬಂದ ಮೇಲೆ ಅದನ್ನು ಬಿಡಿ ಬಿಡಿ ಕೋಶ ಮಾಡಿ, ನಾಳದ ಕೋಶಗಳಿಗೆ ಮಾತ್ರ ಅಂಟುವ ಸಣ್ಣ ಕಬ್ಬಿಣದ ಕಣ ಹಾಕಿ, ಆಯಸ್ಕಾಂತದ ಮುಂದೆ ಹರಿಸುತ್ತಿದ್ದರು. ನಾಳದ ಕೋಶಗಳು ಅಲ್ಲೇ ಕಚ್ಚಿಕೊಳ್ಳುತ್ತವೆ, ಅವು ಕೆಂಪು ಮುಚ್ಚಳದ ಬಾಟಲಿಗೆ, ಅಂದರೆ ಕಸಕ್ಕೆ. ಮೇಷ್ಟ್ರು ಮಾತ್ರ ಬಟ್ಟಲಿಗೆ. ಇದಕ್ಕೆ ಅಲ್ಲಿ 'ಶುದ್ಧಿ' ಎಂದು ಹೆಸರು.

ಕೈಯಲ್ಲಿ ಮಾಡುವ ಕಾಲಕ್ಕೆ ಶುದ್ಧಿ ಎಷ್ಟು ಮಾಡಿದರೂ ಒಂದಿಷ್ಟು ಪೈಪು ಉಳಿದುಬಿಡುತ್ತಿತ್ತು. ಪೈಪಮ್ಮನ ಬಟ್ಟಲುಗಳಲ್ಲಂತೂ ಧಾರಾಳವಾಗಿ ಉಳಿಯುತ್ತಿತ್ತು, ಏಕೆಂದರೆ ಅವಳು ಬೇಕೆಂದೇ ಬಿಡುತ್ತಿದ್ದಳು. ಯಜಮಾನರು ಅವಳ ಬಟ್ಟಲನ್ನು ಸೂಕ್ಷ್ಮದರ್ಶಕದಡಿ ಇಟ್ಟು, "ಬನ್ರೀ, ಕೊಳಕು ಅಂದ್ರೇನು ಅಂತ ನೋಡಿ ಬನ್ನಿ," ಎಂದು ಎಲ್ಲರನ್ನೂ ಕರೆಯುತ್ತಿದ್ದರು. ಆ ಕೊಳಕು ಬಟ್ಟಲಲ್ಲೇ ಟಿ ಕೋಶಗಳು ಕಿಕ್ಕಿರಿದಿರುತ್ತಿದ್ದವು. ಅದು ಅವಳ ಕೈಗುಣವಂತೆ!

ಕೊಳಕಿನಿಂದ ಲ್ಯಾಬನ್ನು ಪಾರುಮಾಡಲು ಹೊಸ ಮೆಷಿನ್ನು ಬಂತು. ಮೂಲೆಯ ಮೇಜು ಖಾಲಿ ಮಾಡಿಸಿ ಕೂರಿಸಿದರು. ನಡೆಸಲು ಚೊಕ್ಕಣ್ಣ ನಿಂತ. ಚೊಕ್ಕಣ್ಣ ಲ್ಯಾಬಿನ ಹಿರಿಯ ಸಂಶೋಧಕ, ಪೆನ್ನಿನ ಮುಚ್ಚಳವನ್ನೂ ಸ್ಪಿರಿಟ್ಟಿನಲ್ಲಿ ಒರೆಸುವ ಆಸಾಮಿ. ಯಜಮಾನರು ಹೂಂ ಅಂದರೆ ಅವನು ಹೂಂ, ಉಹೂಂ ಅಂದರೆ ಉಹೂಂ. ಮೆಷಿನ್ನು ಒಂದೇ ಒಂದು ಪೈಪು ಕೋಶವನ್ನೂ ಉಳಿಸದೆ ತೆಗೆದು ಹಾಕಿತು. ಯಜಮಾನರಿಗೆ ಸಂತೋಷ ತಡೆಯಲಾಗಲಿಲ್ಲ, ಅಂದು ಎಲ್ಲರಿಗೂ ಟೀ ತರಿಸಿದರು.

ಆಮೇಲೆ ಬಟ್ಟಲುಗಳು ಸಾಯತೊಡಗಿದವು.

ಮೇಷ್ಟ್ರು ಕೋಶಗಳು ಎರಡು ದಿನ ಚೆನ್ನಾಗಿದ್ದು, ಆಮೇಲೆ ಚಪ್ಪಟೆಯಾಗಿ, ಏನೂ ಕೆಲಸ ಮಾಡದೆ ಬಿದ್ದುಕೊಂಡವು. ಹೊಸದಾಗಿ ಹಾಕಿದ ಎಳೆ ಕೋಶಗಳಿಗೆ ಪಾಠ ಹೇಳುವವರೇ ಇಲ್ಲ, ಅವೂ ಸತ್ತವು. ಯಜಮಾನರು ನೀರನ್ನು ಬೈದರು. ನೀರು ಬದಲಾಯಿತು. ಪ್ಲಾಸ್ಟಿಕ್ ಬಟ್ಟಲನ್ನು ಬೈದರು, ಬಟ್ಟಲು ಬದಲಾದವು. ಕಿಟಕಿಯಿಂದ ಬರುವ ಧೂಳು, ಮಹಡಿ ಮೇಲಿನವರು ಕುರ್ಚಿ ಎಳೆಯುವ ಅದುರು, ಯಾರೋ ಹಚ್ಚಿಕೊಂಡು ಬಂದ ಸೆಂಟು, ಒಂದನ್ನೂ ಬಿಡಲಿಲ್ಲ. ಚೊಕ್ಕಣ್ಣ ಸೆಂಟು ಹಚ್ಚುತ್ತಿರಲಿಲ್ಲ, ಆದರೂ ಹೆಗಲು ಮುಟ್ಟಿ ನೋಡಿಕೊಂಡು ಸೋಪು ಬದಲಾಯಿಸಿದ. ಮೆಷಿನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ಅದು ಯಜಮಾನರು ಆರಿಸಿ ತಂದದ್ದು.

ಅದೇ ಹೊತ್ತಿಗೆ ಅನುದಾನ ಕೊಡುವವರ ಪರಿಶೀಲನಾ ತಂಡ ಬರುವುದು ಗೊತ್ತಾಯಿತು. ತಂಡ ಮೆಚ್ಚಿದರೆ ಲ್ಯಾಬಿನ ಹಿಂದಿನ ಖಾಲಿ ಜಾಗದಲ್ಲಿ ಥೈಮಸ್ಸಿಗೆಂದೇ ಹೊಸ ಕಟ್ಟಡ ಏಳುತ್ತದೆ. ಕಟ್ಟಡದ ಹಣೆಯ ಮೇಲೆ ಯಜಮಾನರ ಹೆಸರು. ಅಕ್ಷರ ಹಿತ್ತಾಳೆಯದೋ ಕಲ್ಲಿನದೋ ಎಂದು ಅವರು ಆಗಲೇ ಎರಡು ಸಲ ಮನಸ್ಸು ಬದಲಾಯಿಸಿದ್ದರು. ತೋರಿಸಲು ಮಾತ್ರ ಜೀವವಿರುವ ಒಂದು ಬಟ್ಟಲೂ ಇರಲಿಲ್ಲ.

ಇದ್ದವು. ಇನ್‌ಕ್ಯುಬೇಟರಿನ ಕೆಳಗಿನ ತಟ್ಟೆಯಲ್ಲಿ, ಹಿಂದುಗಡೆ, ಪೈಪಮ್ಮನ ಬಟ್ಟಲುಗಳು. ಚೊಕ್ಕಣ್ಣ ಅವನ್ನು ಕಂಡು ಓಡಿಹೋಗಿ ಯಜಮಾನರ ಕಿವಿಯಲ್ಲಿ ಊದಿದ. ಯಜಮಾನರು ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಮೇಷ್ಟ್ರುಗಳು ಗುಂಪುಗೂಡಿ ನಿಂತಿದ್ದಾರೆ, ಸುತ್ತ ಎಳೆಯ ಟಿ ಕೋಶಗಳ ಜಾತ್ರೆ.

"ಏನು ಮಾಡ್ದೆ?"

"ಮೆಷಿನ್ನು ಕೆಂಪು ಬಾಟಲಿಗೆ ಹಾಕಿದ್ದನ್ನ ಎತ್ತಿ ವಾಪಸ್ ಹಾಕ್ದೆ ಸರ್. ನಾಳದ ಕೋಶಗಳು. ಮೂರನೇ ಅಧ್ಯಾಯದಲ್ಲಿ ಎಲ್ಲಾ..."

"ಬಾಗಿಲು ಹಾಕು," ಅಂದರು ಯಜಮಾನರು. ಅವಳು ಹಾಕಿದಳು. ದನಿ ಇಳಿಸಿ ಮುಂದುವರಿಸಿದರು. "ತಂಡ ಬರೋ ದಿನಕ್ಕೆ ಇಂಥ ಒಂದು ತಟ್ಟೆ ಬಟ್ಟಲು ಬೇಕು. ನೀನು ಹಾಕಿದ್ದಕ್ಕೆ ಇವತ್ತಿನಿಂದ 'ವಿಶೇಷ ಪೂರಕ' ಅಂತ ಹೆಸರು. ಪೈಪು ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು."

"ನನ್ನ ಸಹಿ ಸರ್?"

"ಅವರು ಹೋದ ಮಾರನೇ ದಿನ. ಮೂರನೇ ಅಧ್ಯಾಯ ತೆಗೆದು ತಗೊಂಡು ಬಾ."

ಅವಳಿಗೆ ಮೈಯೆಲ್ಲ ಉರಿಯಿತು. ಸತ್ತ ಬಟ್ಟಲನ್ನು ಬದುಕಿಸಿದ್ದು ಅದೇ ಅಧ್ಯಾಯ, ಕಿತ್ತು ಹಾಕಬೇಕಾದ್ದೂ ಅದೇ ಅಧ್ಯಾಯ! ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, "ಆಯ್ತು ಸರ್," ಅಂದು ಹೊರಬಂದಳು. ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಚೊಕ್ಕಣ್ಣ ಬಾಗಿಲ ಹಿಡಿ ಒರೆಸುತ್ತಿರುವವನಂತೆ ಒರೆಸತೊಡಗಿದ.

ತಂಡ ಬರುವ ಹಿಂದಿನ ಸಂಜೆ ಮನೆಯ ಊಟದ ಮೇಜಿನ ಮೇಲೆ ಎರಡು ಪ್ರಬಂಧಗಳು ಕೂತಿದ್ದವು. ಒಂದು ದಪ್ಪ, ಒಂದು ತೆಳ್ಳಗೆ. ಅತ್ತೆ ಎರಡನ್ನೂ ಕೈಯಲ್ಲಿ ಹಿಡಿದು ತೂಗಿದರು.

"ಯಾವುದನ್ನ ಕೊಡ್ತೀಯ?"

"ತೆಳ್ಳಂದು ಕೊಟ್ರೆ ಸಹಿ ಆಗುತ್ತೆ."

"ಸಹಿ ಮುಖ್ಯ ಕಣೇ. ಈ ಮನೇಲಿ ಎಲ್ಲರೂ ಕಾದಿರೋದು ಅದಕ್ಕೇ ತಾನೇ." ಅತ್ತೆ ತೆಳ್ಳನೆಯದರ ಹಾಳೆ ಮಗುಚಿದರು. "ಇದರಲ್ಲಿ ನಿಂದು ಅಂತ ಎಷ್ಟಿದೆ?"

"ಮೊದಲನೇ ಪುಟದಲ್ಲಿ ನನ್ನ ಹೆಸರು ಇದೆ."

ಅತ್ತೆ ನಗಲಿಲ್ಲ. ಎರಡನ್ನೂ ಅವಳ ಚೀಲಕ್ಕೆ ತುರುಕಿ, "ಎರಡೂ ತಗೊಂಡು ಹೋಗು. ಭಾರ ಏನಾಗಲ್ಲ," ಎಂದರು.

ತಂಡದಲ್ಲಿ ಮೂವರಿದ್ದರು. ಇಬ್ಬರು ಗಂಡಸರು ಹೋದಲ್ಲೆಲ್ಲ ತಲೆಯಾಡಿಸುವವರು. ಮುಖ್ಯಸ್ಥೆ ಗಿಡ್ಡನೆಯ, ಬೆಳ್ಳಿಕೂದಲಿನ ಹೆಂಗಸು. ಅವರು ಯಾರು, ಏನು ಕೆಲಸ ಮಾಡುತ್ತಿದ್ದವರು ಎಂದು ಯಜಮಾನರು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ. ತಮ್ಮ ಭಾಷಣವೇ ಗಂಟಲಲ್ಲಿ ತುಂಬಿಕೊಂಡಿತ್ತು.

"ಆ ಶಸ್ತ್ರವೈದ್ಯರಿದ್ದಾರಲ್ಲ, ಕಟುಕರು," ಎಂದು ಶುರುಮಾಡಿದರು. "ಚಿನ್ನ ಎತ್ತಿ ಕಸದ ಡಬ್ಬಿಗೆ ಹಾಕ್ತಾರೆ. ಕಸದಲ್ಲಿ ಚಿನ್ನ ಕಾಣೋಕೆ ಕಣ್ಣು ಬೇಕು!" ಎಂದು ತಮ್ಮ ಕಣ್ಣು ತೋರಿಸಿದರು.

ಬೆಳ್ಳಿಕೂದಲಿನವರು ಮೆಲ್ಲಗೆ, "ನಾನು ಅದೇ ಕಟುಕಿ," ಎಂದರು. "ಮಕ್ಕಳ ಹೃದಯ ಕುಯ್ಯೋದೇ ನನ್ನ ಕೆಲಸ ಆಗಿತ್ತು. ತುಂಬಾ ಚೆಲ್ಲಿದ್ದೀನಿ, ಒಪ್ಕೋತೀನಿ."

ಚೊಕ್ಕಣ್ಣ ನೆಲ ನೋಡಿದ. ಯಜಮಾನರ ಮುಖದಲ್ಲಿ ಬಣ್ಣ ಬಂತು, ಹೋಯಿತು. "ತಮ್ಮಂಥವರನ್ನ ಬಿಟ್ಟು ಹೇಳಿದ್ದು," ಎಂದು ತೊದಲಿ, ಅವಸರವಸರವಾಗಿ ಪೈಪಮ್ಮನ ಬಟ್ಟಲುಗಳ ಹತ್ತಿರ ಕರೆದುಕೊಂಡು ಹೋದರು. ಬೆಳ್ಳಿಕೂದಲಿನವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಮೆಚ್ಚಿಕೆ ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ತಲೆ ಎತ್ತಿ ಕೇಳಿದರು. "ಚೆನ್ನಾಗಿದೆ. ನಾವು ಚೆಲ್ಲಿದ್ದನ್ನ ನೀವು ಎತ್ಕೊಂಡ್ರಿ, ಸರಿ. ನೀವು ಏನು ಚೆಲ್ತೀರಿ?"

ಆ ಕೋಣೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಯಜಮಾನರು ಬಾಯಿ ತೆರೆದರು. ಪೈಪು ಚೆಲ್ಲುತ್ತೇವೆ ಅಂದರೆ ಈ ಬಟ್ಟಲಲ್ಲಿರುವುದು ಏನು ಎಂದು ಹೇಳಬೇಕಾಗುತ್ತದೆ. "ಅದು... ನಮ್ಮ ಹುಡುಗಿ ಹೇಳ್ತಾಳೆ," ಎಂದು ಪೈಪಮ್ಮನನ್ನು ನೋಡಿದರು. ನೋಟದಲ್ಲಿ 'ಪೂರಕ, ಪೂರಕ' ಎಂದು ಬರೆದಿತ್ತು.

ಪೈಪಮ್ಮನ ಚೀಲದಲ್ಲಿ ತೆಳ್ಳನೆಯದು ಇದೆ, ಸುಮ್ಮನಿದ್ದರೆ ನಾಳೆ ಸಹಿ. ಅವಳು ಕೆಂಪು ಮುಚ್ಚಳದ ಬಾಟಲಿ ಎತ್ತಿ ಮೇಜಿನ ಮೇಲಿಟ್ಟಳು.

"ನಾವು ಇದನ್ನ ಚೆಲ್ತೀವಿ ಮೇಡಂ. ರಕ್ತನಾಳದ ಕೋಶಗಳು. ಇವನ್ನ ಚೆಲ್ಲಿದ ಬಟ್ಟಲು ಎಲ್ಲಾ ಸತ್ತಿವೆ. ನೀವು ನೋಡಿದ್ದು ಚೆಲ್ಲದೇ ಇರೋದು."

ಯಜಮಾನರು ಸಿಟ್ಟಿನಿಂದ ನಡುಗುತ್ತಾರೆ ಅಂದುಕೊಂಡವರಿಗೆ ಯಜಮಾನರ ಪರಿಚಯವಿಲ್ಲ. ಅವರು ಒಂದು ಸಲ ಬೆಳ್ಳಿಕೂದಲಿನವರ ಅರಳಿದ ಮುಖ ನೋಡಿದರು, ಕೋಟಿನ ಗುಂಡಿ ಹಾಕಿಕೊಂಡರು, ಗಂಟಲು ಸರಿಮಾಡಿಕೊಂಡರು.

"ಇದನ್ನೇ ನಾನು ಮೊದಲಿನಿಂದಲೂ ಹೇಳ್ತಾ ಬಂದಿದ್ದು!" ಅಂದರು. "ನಾಳ ಅಂದ್ರೆ ಬರೀ ದಾರಿ ಅಂದ್ಕೊಂಡಿದ್ದಾರೆ ಜನ. ಮೂರ್ಖರು! ನಾಳವೇ ಗ್ರಂಥಿಯ ತಾಯಿ!"

ತಲೆಯಾಡಿಸುವ ಇಬ್ಬರೂ ತಲೆಯಾಡಿಸಿದರು. ಚೊಕ್ಕಣ್ಣ ಚಪ್ಪಾಳೆ ತಟ್ಟಿಯೇಬಿಟ್ಟ. ಪೈಪಮ್ಮ ಯಜಮಾನರನ್ನೇ ನೋಡಿದಳು. ಎಂಥಾ ಮನುಷ್ಯ! ಕೈಗೆ ಸಿಕ್ಕಿದ್ದನ್ನು ನುಂಗಿ ನೀರು ಕುಡಿಯುವ ಮನುಷ್ಯ! ಮರುಕ್ಷಣ ಅವಳಿಗೆ ಒಂದು ವಿಷಯ ಹೊಳೆಯಿತು. ಚೀಲಕ್ಕೆ ಕೈ ಹಾಕಿ ದಪ್ಪನೆಯದನ್ನು ತೆಗೆದಳು.

"ಸರ್, ತಾವು ಮೊದಲಿನಿಂದಲೂ ಹೇಳಿದ್ದೇ ಈ ಮೂರನೇ ಅಧ್ಯಾಯದಲ್ಲಿದೆ. ಸಹಿ ಒಂದು ಬಾಕಿ ಇತ್ತು. ತಂಡದವರ ಎದುರಿಗೇ ಆದ್ರೆ ನನ್ನ ಪುಣ್ಯ."

"ಹಾಕಿ, ಹಾಕಿ," ಎಂದು ಬೆಳ್ಳಿಕೂದಲಿನವರು ತಮ್ಮ ಪೆನ್ನನ್ನೇ ಕೊಟ್ಟರು.

ಯಜಮಾನರು ಸಿಕ್ಕಿಬಿದ್ದರು. ಪೆನ್ನು ಹಿಡಿದು ಶಿಷ್ಯೆಯನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಸಹಿ ಹಾಕಿದರು. ಹಾಕಿದ ಮೇಲೂ ಪೆನ್ನು ಕೊಡಲಿಲ್ಲ. ಪುಟ ತಿರುವಿ, ಮೂರನೇ ಅಧ್ಯಾಯದ ನೆತ್ತಿಯ ಮೇಲೆ, ತಮ್ಮ ದುಂಡನೆಯ ಅಕ್ಷರದಲ್ಲಿ, 'ಮಾರ್ಗದರ್ಶಕರ ಮೂಲ ಚಿಂತನೆಯನ್ನು ಆಧರಿಸಿದೆ' ಎಂದು ಬರೆದರು. ಅದಕ್ಕೂ ಒಂದು ಸಹಿ ಹಾಕಿದರು.

ಮನೆಗೆ ಬಂದು ಪೈಪಮ್ಮ ಅತ್ತೆಯ ಎದುರಿಗೆ ಅತ್ತುಬಿಟ್ಟಳು. ಗೆದ್ದದ್ದಕ್ಕೋ ಸೋತದ್ದಕ್ಕೋ ಅವಳಿಗೂ ತಿಳಿಯಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಆ ಸಾಲು ಓದಿದರು.

"ಮೂಲ ಚಿಂತನೆ ಅಂದ್ರೆ ಯಾವುದೇ? ಕಸಕ್ಕೆ ಹಾಕೋದಾ?"

ಅಳುತ್ತಿದ್ದವಳಿಗೆ ನಗು ಬಂತು. ಗಂಡ ಒಳಗಿನಿಂದ ಬಂದು, ಏನೂ ಕೇಳದೆ, ಪ್ರಬಂಧವನ್ನು ಒಂದು ಒಗೆದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ತಿಂಗಳು ಮುಗಿಯುವುದರೊಳಗೆ ಅವಳು ಹೊಸ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಕೋಣೆಯಿಂದ ನಾಲ್ಕು ಹೆಜ್ಜೆಗೆ ಗಾಜಿನ ಕೋಣೆ, ಅದರೊಳಗೆ ಥೈಮಸ್ ಇಲ್ಲದೆ ಹುಟ್ಟಿದ ಒಂದು ಹೆಣ್ಣುಮಗು. ಬೆಳಿಗ್ಗೆ ಹೋಗುವಾಗ ಪೈಪಮ್ಮ ಗಾಜು ತಟ್ಟಿದರೆ ಮಗು ಒಳಗಿನಿಂದ ತಟ್ಟುತ್ತಿತ್ತು.

ಅತ್ತ ಹಳೆಯ ಲ್ಯಾಬಿನ ಹೊಸ ಕಟ್ಟಡ ಏಳುತ್ತಿತ್ತು. ಯಜಮಾನರು ಊರೂರು ತಿರುಗಿ 'ನಾಳವೇ ತಾಯಿ' ಎಂದು ಭಾಷಣ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಚೊಕ್ಕಣ್ಣನ ಫೋನು ಬಂತು. ದನಿ ಪಾತಾಳದಲ್ಲಿತ್ತು.

"ಪೈಪಮ್ಮ, ಬಟ್ಟಲು ಮತ್ತೆ ಸಾಯ್ತಿವೆ. ನೀರು ಬದಲಾಯಿಸಿದ್ವಿ. ಎಲ್ಲಾ ಬದಲಾಯಿಸಿದ್ವಿ. ನಿನ್ನ ಕೈಗುಣ ಏನಿತ್ತು, ಹೇಳಿಬಿಡು."

"ಈಗ ಬಟ್ಟಲಿಗೆ ಏನು ಹಾಕ್ತಿದೀರಿ?"

"ನಾಳದ ಕೋಶ. ಬರೀ ನಾಳದ ಕೋಶ. ಶುದ್ಧ ಅಂದ್ರೆ ಶುದ್ಧ. ಮೆಷಿನ್ನು ಒಂದು ಮೇಷ್ಟ್ರನ್ನೂ ಬಿಡ್ತಿಲ್ಲ."

ಪೈಪಮ್ಮ ಕುರ್ಚಿಯಲ್ಲಿ ಕುಸಿದು ಕೂತಳು. ಮಕ್ಕಳ ಎದೆಯಿಂದ ಬಂದ ತುಂಡುಗಳು, ಒಂದಾದ ಮೇಲೊಂದು, ಇವರ ಶುದ್ಧಿಗೆ ಹಾಳಾಗುತ್ತಿವೆ.

"ಮೇಷ್ಟ್ರು ಇಲ್ದೆ ಪಾಠ ಯಾರು ಮಾಡ್ತಾರೆ ಚೊಕ್ಕಣ್ಣ? ಎರಡೂ ಬೇಕು. ಮೂರನೇ ಅಧ್ಯಾಯ ಅಷ್ಟೂ ಅದೇ ಇದೆ. ಅದರ ಒಂದು ಪ್ರತಿ ಅಲ್ಲೇ ಇದೆಯಲ್ಲ, ತೆಗೆದು ಓದಿ."

"ಅದು ಗಾಜಿನ ಬೀರುವಿನಲ್ಲಿದೆ. ಹೊಸ ಕಟ್ಟಡಕ್ಕೆ ಅಂತ. ಅದರ ಮೇಲೂ ಯಜಮಾನರು ಅದೇ ಸಾಲು ಬರೆದು, ಆ ಪುಟ ತೆರೆದಿಟ್ಟು ಬೀಗ ಹಾಕಿದ್ದಾರೆ."

"ಹಂಗಾದ್ರೆ ಕೆಂಪು ಬಾಟಲಿ ತೆರೆದು ನೋಡಿ. ಏನು ಚೆಲ್ತಿದೀರಿ ಅಂತ ಒಂದು ಸಲ ನೋಡಿ."

ಆ ಕಡೆ ಎಲ್ಲೋ ಯಜಮಾನರು ಹೊಸಬರಿಗೆ ಭಾಷಣ ಮಾಡುತ್ತಿರುವುದು ಕೇಳುತ್ತಿತ್ತು. ಆಮೇಲೆ ಅವರು ನಕ್ಕರು, ಅವರ ಬೆನ್ನಿಗೇ ಎಲ್ಲರೂ ನಕ್ಕರು.

"ಅದನ್ನ ಆಗಲೇ ಚೆಲ್ಲಿಬಿಟ್ವಿ ಪೈಪಮ್ಮ," ಎಂದ ಚೊಕ್ಕಣ್ಣ.